ನಮ್ಮ ಕಡೆಯ ಕಾಂಟ್ರಾ ಸ್ವಲ್ಪ ನಿಧಾನ

ಕಂಪನಿಯ ಲೆಕ್ಕದ ಪ್ರಕಾರ ಕಾಂಟ್ರಾ ನಮ್ಮ ಕಡೆ ಬಂದೇ ಇಲ್ಲ. 1987ರಲ್ಲಿ ಜಪಾನಿನ ಕೊನಾಮಿ ಅದನ್ನು ಕಾಸು ಹಾಕಿ ಆಡುವ ದೊಡ್ಡ ಪೆಟ್ಟಿಗೆಗೆ ಅಂತ ಮಾಡಿತು. 1988ರ ಫೆಬ್ರುವರಿಯಲ್ಲಿ ಮನೆ ಟೀವಿಗೆ ಜೋಡಿಸುವ ನಿಂಟೆಂಡೊ ಯಂತ್ರಕ್ಕೆ ತಂದಿತು. 1990ರಲ್ಲಿ ಯುರೋಪಿಗೆ ಕಳಿಸಿತು, ಅಲ್ಲಿ ಮನುಷ್ಯರನ್ನ ತೆಗೆದು ರೋಬೋಟ್ ಕೂರಿಸಿ, ಹೆಸರನ್ನೂ 'ಪ್ರೊಬೊಟೆಕ್ಟರ್' ಅಂತ ಬದಲಾಯಿಸಿತು. ಈ ಆಟದ ಇತಿಹಾಸ ಬರೆಯುವವರೆಲ್ಲ ಈ ಮೂರು ಊರು ಸುತ್ತಿ ನಿಲ್ಲಿಸ್ತಾರೆ. ಆದ್ರೆ ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲೋ ರಾಯಬಾಗ ಸ್ಟೇಷನ್ನಿನಲ್ಲೋ ಮೂವತ್ತೈದು ದಾಟಿದ ಯಾವನನ್ನಾದ್ರೂ ನಿಲ್ಲಿಸಿ "ಕಾಂಟ್ರಾ ಗೊತ್ತೇನ್ರಿ?" ಅಂತ ಕೇಳಿ ನೋಡ್ರಿ. ಉತ್ತರಕ್ಕಿಂತ ಮೊದಲು ಅವನ ಎರಡೂ ಹೆಬ್ಬೆರಳು ಅಲ್ಲಾಡ್ತಾವ.

ಇದನ್ನ ಬರೆಯೋಕೆ ಕಾರಣ 'ಕಾಂಟ್ರಾ: ಆಪರೇಷನ್ ಗಲುಗಾ'. ಅಮೆರಿಕದ ವೇಫಾರ್ವರ್ಡ್ ಅನ್ನೋ ಸಂಸ್ಥೆ ಕೊನಾಮಿಗಾಗಿ ಹಳೆ ಕಾಂಟ್ರಾವನ್ನ ಹೊಸದಾಗಿ ಕಟ್ಟಿದ್ದು, 2024ರ ಮಾರ್ಚ್ 12ಕ್ಕೆ ಬಿಡುಗಡೆಯಾಯ್ತು. ಕೈಯಲ್ಲಿ ಹಿಡಿದು ಆಡುವ ಸ್ವಿಚ್ ಯಂತ್ರಕ್ಕೂ ಬಂತು. ಅದರ ಜೊತೆ 2019ರಲ್ಲಿ ಬಂದ 'ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್' ಕೂಡ ಕೊಂಡೆ. ಅದರಲ್ಲಿ ಹಳೆ ಆಟಗಳು ಇದ್ದ ಹಾಗೇ ಇವೆ. ಅಂದ ಹಾಗೆ ನಿಂಟೆಂಡೊದವರು ಸ್ವಿಚ್ಚನ್ನ ನಮ್ಮ ದೇಶದಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಲೇ ಇಲ್ಲ. ನನ್ನದೂ ಹೊರಗಿಂದ ತರಿಸಿ ಮಾರುವ ಅಂಗಡಿಯದ್ದು. ಮೂವತ್ತು ವರ್ಷ ಆದ್ರೂ ಈ ಕಂಪನಿಗೂ ನಮಗೂ ಸಂಬಂಧ ಹಿತ್ತಲ ಬಾಗಿಲಿಂದಲೇ.

ಎರಡನ್ನೂ ಮುಗಿಸಿದೆ. ಚೆನ್ನಾಗಿವೆ. ಆದ್ರೆ ನಾವು ಆಡಿದ ಕಾಂಟ್ರಾ ಈ ಎರಡರಲ್ಲೂ ಇಲ್ಲ. ಇದು ಭಾವನೆಯ ಮಾತಲ್ಲ, "ನಮ್ಮ ಕಾಲದ ಮಜಾ ಈಗೆಲ್ಲಿ" ಅನ್ನೋ ರಾಗವೂ ಅಲ್ಲ. ಅಳತೆ ಮಾಡಿ ತೋರಿಸಬಹುದಾದ ಸಂಗತಿ. ಅದನ್ನೇ ಹೇಳ್ತೀನಿ, ಆದರೆ ಮೊದಲು ಆ ಪೆಟ್ಟಿಗೆ ನಮ್ಮಲ್ಲಿಗೆ ಹೇಗೆ ಬಂತು ನೋಡೋಣ.

ನಿಂಟೆಂಡೊದ ಫ್ಯಾಮಿಲಿ ಕಂಪ್ಯೂಟರ್ ಜಪಾನಿನಲ್ಲಿ ಮಾರುಕಟ್ಟೆಗೆ ಬಂದದ್ದು 1983ರ ಜುಲೈ 15ರಂದು. ಬಿಳಿ-ಕೆಂಪು ಡಬ್ಬಿ, ಒಳಗೆ ರಿಕೋ ಕಂಪನಿ ಮಾಡಿದ ಪ್ರೊಸೆಸರ್, ಕೆಲಸ ಮಾಡೋಕೆ ಎರಡೇ ಕೆಬಿ ಮೆಮೊರಿ. ಇವತ್ತು ನಾನು ಆಫೀಸಿನಲ್ಲಿ ಕಳಿಸುವ ಒಂದು ಇಮೇಲ್ ಅದರಲ್ಲಿ ಹಿಡಿಸೋದಿಲ್ಲ. ಇಷ್ಟು ಸರಳ ಯಂತ್ರವನ್ನ ನಕಲು ಮಾಡೋದು ಕಷ್ಟವಲ್ಲ. ತೈವಾನಿನ ಚಿಪ್ ಕಾರ್ಖಾನೆಗಳು ಅದೇ ಕೆಲಸ ಮಾಡುವ ಚಿಪ್ ತಯಾರಿಸಿದವು, ಆಮೇಲೆ ಎಲ್ಲವನ್ನೂ ಒಂದೇ ಚಿಪ್ಪಿನೊಳಗೆ ತುಂಬಿದವು. ಆ ಚಿಪ್ ಹೊತ್ತ ಡಬ್ಬಿಗಳು ರಷ್ಯಾದಲ್ಲಿ ಡೆಂಡಿ ಆದವು, ನಮ್ಮ ದೇಶದಲ್ಲಿ ಲಿಟಲ್ ಮಾಸ್ಟರ್, ಮೀಡಿಯಾ ಅಂತ ನಾನಾ ಹೆಸರಿನಲ್ಲಿ ಮಾರಾಟವಾದವು. ಅದಕ್ಕೂ ಮೊದಲು ಸಮುರಾಯ್ ಅನ್ನೋ ಹೆಸರಿನ ಯಂತ್ರ ಇಲ್ಲಿ ಮಾರಾಟಕ್ಕಿತ್ತು, ಆದ್ರೆ ಅದು ದೊಡ್ಡ ಪೇಟೆಯವರ, ದೊಡ್ಡ ಪಗಾರದವರ ಸಾಮಾನು. ನಮಗೆ ತಲುಪಿದ್ದು ನಕಲಿನ ನಕಲು.

ದಾರಿ ಯಾವುದು ಅಂದ್ರೆ, ನಮ್ಮ ಕಡೆಯ ಎಲ್ಲ ಸಾಮಾನಿನ ದಾರಿಯೇ. ಕಾಗವಾಡ, ಶೇಡಬಾಳ, ಉಗಾರದವರಿಗೆ ಪೇಟೆ ಅಂದ್ರೆ ಮಿರಜ, ಸಾಂಗಲಿ. ನಿಪ್ಪಾಣಿಯವರಿಗೆ ಕೊಲ್ಹಾಪುರ. ಜಿಲ್ಲಾ ಕೇಂದ್ರ ಬೆಳಗಾವಿ ಕಾಗದಪತ್ರಕ್ಕೆ, ಖರೀದಿಗೆ ಮಹಾರಾಷ್ಟ್ರ. ಇಚಲಕರಂಜಿಯ ಮಗ್ಗಕ್ಕೆ, ಪುಣೆ-ಮುಂಬೈಗೆ ದುಡಿಯೋಕೆ ಹೋದವರು ದೀಪಾವಳಿಗೆ ಬರುವಾಗ ಟೇಪ್ ರೆಕಾರ್ಡರ್ ತರುತ್ತಿದ್ದ ಕಾಲ ಮುಗಿದು, ಈ ಡಬ್ಬಿ ತರುವ ಕಾಲ ಶುರುವಾಗಿತ್ತು. ಕಬ್ಬಿನ ಬಿಲ್ಲು ಬಂದಾಗ, ತಂಬಾಕಿನ ಲೆಕ್ಕ ಹರಿದಾಗ ಮಾತ್ರ ನಮ್ಮ ಕಡೆ ಇಂಥ ಖರ್ಚಿಗೆ ಧೈರ್ಯ. ಊರಿಗೆ ಒಂದೋ ಎರಡೋ ಡಬ್ಬಿ. ಉಳಿದವರಿಗೆ ಜಾತ್ರೆ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ, ಯಡೂರ ವೀರಭದ್ರನ ಜಾತ್ರೆಯಲ್ಲಿ, ಕೊಕಟನೂರ ಯಲ್ಲಮ್ಮನ ಜಾತ್ರೆಯಲ್ಲಿ ತೊಟ್ಟಿಲು, ಭಂಡಾರ, ಬೆಂಡು-ಬತ್ತಾಸಿನ ಅಂಗಡಿಗಳ ನಡುವೆ ತಾಡಪಾಲಿನ ಕೆಳಗೆ ಟೀವಿ ಇಟ್ಟುಕೊಂಡು ಕೂತವನೊಬ್ಬ ಸಿಗ್ತಿದ್ದ.

ಮನೆಯಲ್ಲಿ ಡಬ್ಬಿ ಇದ್ದವನಿಗೂ ಇನ್ನೊಂದು ತೊಂದರೆ. ಕಾಂಟ್ರಾಕ್ಕೆ 'ಸೇವ್' ಇಲ್ಲ. ಎಂಟು ಹಂತ, ಕೂತವನು ಕೂತಲ್ಲೇ ಮುಗಿಸಬೇಕು. ಪಳಗಿದ ಕೈಗೆ ಅರ್ಧ ಗಂಟೆಯೊಳಗಿನ ಕೆಲಸ, ಆದ್ರೆ ಆ ಅರ್ಧ ಗಂಟೆ ಕರೆಂಟ್ ಇರಬೇಕಲ್ಲ! ಹಗಲು ಪಂಪ್‌ಸೆಟ್ಟಿಗೆ ತ್ರೀ ಫೇಜ್, ರಾತ್ರಿ ಸಿಂಗಲ್ ಫೇಜ್, ನಡುವೆ ಯಾವಾಗ ಹೋಗ್ತದೆ ಯಾವಾಗ ಬರ್ತದೆ ಯಾರಿಗೂ ಗೊತ್ತಿಲ್ಲ. ಅದಕ್ಕೊಂದು ಉಪಾಯ ಇತ್ತು. ಬ್ಲ್ಯಾಕ್ ಅಂಡ್ ವೈಟ್ ಸಣ್ಣ ಟೀವಿಗಳ ಹಿಂದೆ 12 ವೋಲ್ಟಿನ ತೂತು ಇರ್ತಿತ್ತು. ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿ ತಂದು ಟೀವಿಗೂ ಅದೇ, ಡಬ್ಬಿಗೂ ಅದೇ ಕೊಡ್ತಿದ್ರು. ಡಬ್ಬಿಗೆ ಬೇಕಾದ್ದು 9 ವೋಲ್ಟಿನ ಅಡಾಪ್ಟರ್. ಒಳಗಿನ 7805 ಅನ್ನೋ ಮೂರು ಕಾಲಿನ ಸಣ್ಣ ಬಿಡಿಭಾಗ ಹೆಚ್ಚಿನ ವೋಲ್ಟನ್ನೆಲ್ಲ ಬಿಸಿ ಮಾಡಿ ಹೊರಹಾಕಿ 5 ವೋಲ್ಟ್ ಮಾತ್ರ ಚಿಪ್ಪಿಗೆ ಬಿಡ್ತದೆ. ಹಂಗಾಗಿ 12 ಕೊಟ್ರೂ ಸುಡ್ತಿರಲಿಲ್ಲ, ಡಬ್ಬಿ ಮಾತ್ರ ರೊಟ್ಟಿ ಹಂಚಿನ ಹಾಗೆ ಕಾಯ್ತಿತ್ತು. ಬಿ.ಇ. ಮೂರನೇ ಸೆಮಿಸ್ಟರಿನಲ್ಲಿ 7805 ಪಾಠ ಬಂದಾಗ ಪಕ್ಕದಲ್ಲಿದ್ದ ಮಂಗಳೂರಿನ ಹುಡುಗ ಅದನ್ನ ಬಾಯಿಪಾಠ ಮಾಡ್ತಿದ್ದ, ನಾನು ಅದರ ಬಿಸಿ ಕೈಯಲ್ಲಿ ಮುಟ್ಟಿ ನೋಡಿದವನು.

ನಾನು ಹೆಚ್ಚು ಆಡಿದ್ದು ನಿಪ್ಪಾಣಿ ಕಡೆ ಒಬ್ಬರ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಎರಡು ಟೀವಿ, ಹತ್ತು ನಿಮಿಷಕ್ಕೆ ಒಂದು ರೂಪಾಯಿ. ಗೋಡೆಗೆ ಒರಗಿ ಆ ಮನೆಯ ಅಕ್ಕ ಬೀಡಿ ಕಟ್ತಾ ಕೂಡ್ತಿದ್ಲು. ಎಲೆ ಕತ್ತರಿಸೋದು, ತಂಬಾಕು ತುಂಬಿ ಸುತ್ತೋದು, ದಾರ ಬಿಗಿಯೋದು. ಮಜೂರಿ ಸಾವಿರಕ್ಕೆ ಇಷ್ಟು ಅಂತ. ನಿಪ್ಪಾಣಿಯ ಎಷ್ಟೋ ಮನೆ ನಡೆದದ್ದು ಈ ಹೆಂಗಸರ ಬೆರಳ ಮೇಲೆ. ದುಡ್ಡು ಇಸ್ಕೊಳ್ಳೋದೂ ಅವಳೇ, ಟೈಮ್ ನೋಡೋದೂ ಅವಳೇ. ತಲೆ ಎತ್ತುತ್ತಿರಲಿಲ್ಲ. ಗೋಡೆ ಗಡಿಯಾರವನ್ನೂ ನೋಡ್ತಿರಲಿಲ್ಲ, ಆಟದ ಸಪ್ಪಳದ ಮೇಲೆ ಯಾವ ಹಂತದಲ್ಲಿದ್ದೀವಿ, ಎಷ್ಟು ಹೊತ್ತಾಯ್ತು ಅಂತ ಹೇಳೋಳು. "ನೀರು ಬಂತು, ಮ್ಯಾಲ ನೋಡು, ಕಲ್ಲು ಬೀಳ್ತಾವ" ಅನ್ನೋಳು, ಪರದೆಗೆ ಬೆನ್ನು ಮಾಡಿ. ಅವಳ ಕೈಗೆ ಒಂದು ದಿನ ಯಾರೂ ಕಂಟ್ರೋಲರ್ ಕೊಟ್ಟದ್ದು ನಾನು ನೋಡಲಿಲ್ಲ. ಎರಡನೇ ಕಂಟ್ರೋಲರ್ ಯಾವಾಗಲೂ ಕಾಕಾನ ಮಗನಿಗೋ, ಪಕ್ಕದ ಮನೆಯ ಹುಡುಗನಿಗೋ.

ಈಗ ಅಳತೆಯ ವಿಷಯಕ್ಕೆ ಬರೋಣ.

ಹಳೆ ನಿಂಟೆಂಡೊ ಆಟಗಳೊಳಗೆ ಬೇರೆ ಗಡಿಯಾರ ಇಲ್ಲ. ಟೀವಿಯೇ ಗಡಿಯಾರ. ಟೀವಿ ಒಂದು ಚಿತ್ರ ಬರೆದು ಮುಗಿಸಿದಾಗೊಮ್ಮೆ ಯಂತ್ರ ಪ್ರೊಸೆಸರಿಗೆ "ಮುಂದಿನದು" ಅಂತ ಕರೆ ಕೊಡ್ತದೆ. ಆಗ ಪ್ರೋಗ್ರಾಮ್ ಗುಂಡನ್ನ ಒಂದಿಷ್ಟು ಮುಂದೆ ಸರಿಸ್ತದೆ, ನೆಗೆದವನನ್ನ ಒಂದಿಷ್ಟು ಕೆಳಗಿಳಿಸ್ತದೆ, ಹಾಡನ್ನ ಒಂದು ಹೆಜ್ಜೆ ನಡೆಸ್ತದೆ. ಜಪಾನ್, ಅಮೆರಿಕದ ಟೀವಿ ಸೆಕೆಂಡಿಗೆ 60 ಸಲ ಚಿತ್ರ ಬರೀತಿತ್ತು. ಕಾಂಟ್ರಾ ಬರೆದವರು ಆ 60ಕ್ಕೆ ಲೆಕ್ಕ ಹಾಕಿ ಬರೆದವರು. ನಮ್ಮ ದೂರದರ್ಶನದ್ದು ಪಾಲ್ ಪದ್ಧತಿ, ಸೆಕೆಂಡಿಗೆ 50. ಈ 50 ಎಲ್ಲಿಂದ ಬಂತು ಅಂದ್ರೆ ಕರೆಂಟಿನಿಂದಲೇ. ಟೀವಿ ಶುರುವಾದ ಕಾಲದಲ್ಲಿ ಆಯಾ ದೇಶದ ವಿದ್ಯುತ್ತಿನ ಆವರ್ತನಕ್ಕೆ ಹೊಂದಿಸಿ ಚಿತ್ರದ ವೇಗ ಇಟ್ಟರು, ಯುರೋಪಿನಲ್ಲೂ ನಮ್ಮಲ್ಲೂ ವಿದ್ಯುತ್ತು 50 ಸೈಕಲ್. ಹೀಗೆ ಕರೆಂಟು ಇಲ್ಲದಾಗಷ್ಟೇ ಅಲ್ಲ, ಇದ್ದಾಗಲೂ ನಮ್ಮ ಆಟವನ್ನ ಅದೇ ಆಳ್ತಿತ್ತು.

ನಕಲು ಚಿಪ್ ಮಾಡಿದ ತೈವಾನಿನ ಎಂಜಿನಿಯರ್‌ಗಳ ಮುಂದೆ ಇದ್ದ ಸಮಸ್ಯೆ ಏನಪಾ ಅಂದ್ರೆ, ಆಟಗಳೆಲ್ಲ ಜಪಾನಿನವು, ಟೀವಿ ಮಾತ್ರ ಪಾಲ್. ನಿಂಟೆಂಡೊ ಯುರೋಪಿಗೆ ಅಂತ ಮಾಡಿದ ತನ್ನದೇ ಯಂತ್ರದಲ್ಲಿ ಪ್ರೊಸೆಸರಿನ ವೇಗವನ್ನೂ ಕಡಿಮೆ ಮಾಡಿತ್ತು. ಅದರಿಂದ ಹಾಡಿನ ಶ್ರುತಿ ಕೂಡ ಇಳೀತಿತ್ತು. ಈ ನಕಲಿನವರು ಹಾಗೆ ಮಾಡಲಿಲ್ಲ. ಪ್ರೊಸೆಸರನ್ನ ಹೆಚ್ಚುಕಡಿಮೆ ಜಪಾನಿನ ವೇಗದಲ್ಲೇ ಬಿಟ್ಟು, ಪ್ರತಿ ಚಿತ್ರ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕಾಯುವ ಹಾಗೆ ಮಾಡಿದರು. ಇದರಿಂದ ಜಪಾನಿನ ಆಟಗಳು ಚಿತ್ರ ಹರಿಯದೆ, ತೊಡರದೆ ನಡೆದವು. ಶ್ರುತಿ ಸರಿ, ತಾಳ ಮಾತ್ರ ನಿಧಾನ. ಕದ್ದ ಮಾಲಿಗೆ ಇಷ್ಟು ನಿಗಾ ಯಾಕೆ ಅಂತ ಕೇಳಬಹುದು. ನನಗೆ ಮಾತ್ರ ಆ ಹೆಸರಿಲ್ಲದ ಎಂಜಿನಿಯರ್‌ಗಳ ಮೇಲೆ ಗೌರವ ಇದೆ. ಮೂಲ ಕಂಪನಿ ತಲೆ ಕೆಡಿಸಿಕೊಳ್ಳದ್ದನ್ನ ಅವರು ಕೂತು ಬಿಡಿಸಿದ್ದಾರೆ.

50ನ್ನ 60ರಿಂದ ಭಾಗಿಸಿದರೆ ಆರರಲ್ಲಿ ಐದು. ನಾವು ಆಡಿದ ಕಾಂಟ್ರಾ ಮೂಲದ ಆರರಲ್ಲಿ ಐದು ಪಾಲು ವೇಗದ್ದು. ಗುಂಡು ನಿಧಾನ, ನೆಗೆತ ನಿಧಾನ, ವೈರಿ ನಿಧಾನ. ಇದನ್ನ ದುಡ್ಡಿನ ಲೆಕ್ಕದಲ್ಲಿ ಹೇಳಬೇಕಂದ್ರೆ, ಒಂದು ರೂಪಾಯಿ ಕೊಟ್ಟು ಹತ್ತು ನಿಮಿಷ ಆಡಿದವನಿಗೆ ಸಿಕ್ಕದ್ದು 8 ನಿಮಿಷ 20 ಸೆಕೆಂಡಿನಷ್ಟು ಆಟ. ಆದ್ರೆ ನೆಗೆಯೋಕೆ, ತಪ್ಪಿಸಿಕೊಳ್ಳೋಕೆ ಸಿಕ್ಕ ಸಮಯ ಹೆಚ್ಚು. ಅಮೆರಿಕದ ಹುಡುಗರು ಇವತ್ತಿಗೂ ಕಾಂಟ್ರಾ ಭಯಂಕರ ಕಷ್ಟದ ಆಟ ಅಂತ ಬರೀತಾರೆ. ನಮ್ಮ ಕಡೆ ಮೂರೇ ಜೀವದಲ್ಲಿ ಮುಗಿಸಿದವರು ಓಣಿಗೊಬ್ಬರು ಇದ್ದರು. ಅವರ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ, ಆದ್ರೆ ಆ ಆರನೇ ಒಂದು ಪಾಲಿನ ಪುಣ್ಯವೂ ಅದರಲ್ಲಿದೆ.

ಸ್ವಿಚ್ಚಿನ ಸಂಗ್ರಹದಲ್ಲಿರೋ ಹಳೆ ಕಾಂಟ್ರಾ ತೆಗೆದಾಗ ಮೊದಲು ತಿಳಿಯೋದೇ ಇದು. ಆಟ ಓಡ್ತದೆ. ಕಾಡಿನ ಮೊದಲ ಸೇತುವೆ ಕಾಲ ಕೆಳಗೆ ಸಿಡಿಯುವ ಮುಂಚೆ ದಾಟುವ ಲೆಕ್ಕ ನನ್ನ ಬೆರಳಿನಲ್ಲಿ 50ರ ತಾಳದಲ್ಲಿ ಕೂತಿದೆ. ಪರದೆಯ ಮೇಲೆ ಅದು 60ರಲ್ಲಿ ಬರ್ತದೆ. ಎರಡನೆಯದು, ಆ ಸಂಗ್ರಹದಲ್ಲಿ ಜಪಾನಿನ ಆವೃತ್ತಿಯೂ ಇದೆ. ಅದರಲ್ಲಿ ಮೊದಲ ಹಂತದ ಕಾಡಿನ ಎಲೆಗಳು ಗಾಳಿಗೆ ಅಲ್ಲಾಡ್ತಾವೆ, ಹಿಮದ ಹಂತದಲ್ಲಿ ಹಿಮ ಬೀಸ್ತದೆ, ಹಂತಗಳ ನಡುವೆ ನಕಾಶೆ ಬರ್ತದೆ. ಕೊನಾಮಿ ಜಪಾನಿನ ಕ್ಯಾಸೆಟ್ಟಿಗೆ ತನ್ನದೇ ಒಂದು ವಿಶೇಷ ಚಿಪ್ ಹಾಕಿತ್ತು. ಅಮೆರಿಕದ ಆವೃತ್ತಿಯಲ್ಲಿ ಅದಿಲ್ಲ, ಅದು 128 ಕೆಬಿಯ ಸರಳ ಕ್ಯಾಸೆಟ್. ಸರಳವಾದ್ದರಿಂದ ನಕಲಿಗೆ ಸುಲಭ. ನಮ್ಮ ಕ್ಯಾಸೆಟ್ಟಿನ ಕಾಡಿನಲ್ಲಿ ಒಂದು ಎಲೆಯೂ ಅಲ್ಲಾಡಿದ್ದು ನಾನು ಕಾಣೆ. ಅಂದ್ರೆ ಅಮೆರಿಕದ ಆಟ, ಜಪಾನಿನ ಯಂತ್ರದ ನಕಲು, ತೈವಾನಿನ ಚಿಪ್, ಯುರೋಪಿನ ಟೀವಿ ಪದ್ಧತಿ, ಟ್ರ್ಯಾಕ್ಟರಿನ ಬ್ಯಾಟರಿ. ಇಷ್ಟೂ ಸೇರಿ ಆದದ್ದು ನಮ್ಮ ಕಾಂಟ್ರಾ. ಇದೇ ರೂಪದ ಆಟವನ್ನ ಕೊನಾಮಿಯವರು ಮಾಡಿಲ್ಲ, ಮಾರಿಲ್ಲ, ಹಾಗಾಗಿ ಅವರ ನೆನಪಿನಲ್ಲೂ ಇಲ್ಲ. ಸಂಗ್ರಹದಲ್ಲಿ ಜಪಾನಿನದ್ದಕ್ಕೆ ಜಾಗ ಇದೆ, ಅಮೆರಿಕದ್ದಕ್ಕೆ ಇದೆ, ಯುರೋಪಿನ ರೋಬೋಟ್ ಆವೃತ್ತಿಗಳಿಗೂ ಇದೆ.

ಕಥೆಯೂ ನಮ್ಮದು ಬೇರೆ ಇತ್ತು. ಜಪಾನಿನ ಕಥೆಯಲ್ಲಿ ಯುದ್ಧ ನಡೆಯೋದು ನ್ಯೂಜಿಲೆಂಡ್ ಹತ್ತಿರದ ಗಲುಗಾ ದ್ವೀಪಗಳಲ್ಲಿ, 2633ನೇ ಇಸವಿಯಲ್ಲಿ. ಅಮೆರಿಕದವರು ಅದನ್ನ ದಕ್ಷಿಣ ಅಮೆರಿಕದ ಕಾಡಿಗೆ ಎಳೆದರು. ನಮ್ಮ ಕ್ಯಾಸೆಟ್ಟಿನ ಜೊತೆ ಪುಸ್ತಕವೇ ಇರಲಿಲ್ಲ, ಸ್ಥಳಪುರಾಣ ನಾವೇ ಕಟ್ಟಿಕೊಂಡ್ವಿ. 1999ರ ಬೇಸಿಗೆ ಆದ ಮೇಲೆ ಹಿಮದ ಹಂತಕ್ಕೆ 'ಕಾರ್ಗಿಲ್' ಅಂತ ಹೆಸರಾಯ್ತು. ನಮ್ಮ ಕಡೆ ಮಿಲಿಟರಿಗೆ ಹೋದವರ ಮನೆಗಳು ಬಹಳ, ಆ ಹಂತ ಆಡುವಾಗ ಯಾರೂ ನಗ್ತಿರಲಿಲ್ಲ. ಮರು ವರ್ಷ ರಾಜಕುಮಾರ್ ಅಪಹರಣ ಆಯ್ತು, ಮೊದಲ ಹಂತದ ಕಾಡು ವೀರಪ್ಪನ್ ಕಾಡಾಯ್ತು. ಜೀವ ಮುಗಿದ್ರೆ "ಲೈಫ್ ಸಂಪ್ಲಿ" ಅಂತ ಮರಾಠಿಯಲ್ಲಿ ಕೂಗು, ಬೈಯೋದು ಕನ್ನಡದಲ್ಲಿ. 'ಕಾಂಟ್ರಾ' ಅನ್ನೋ ಪದ ಆ ಕಾಲದ ಪತ್ರಿಕೆಗಳಲ್ಲಿ ನಿಕರಾಗುವಾದ ಬಂಡುಕೋರರ ಹೆಸರಾಗಿ ದಿನಾ ಬರ್ತಿತ್ತು ಅಂತ ನಮಗೇನು ಗೊತ್ತು. ದೊಡ್ಡ ಪೆಟ್ಟಿಗೆಯ ಮೂಲ ಆಟದ ಕೊನೆಯ ಹಾಡಿಗೆ ಕೊನಾಮಿ ಇಟ್ಟ ಹೆಸರು 'ಸ್ಯಾಂಡಿನಿಸ್ಟಾ', ಅಂದ್ರೆ ಅದೇ ಬಂಡುಕೋರರ ಎದುರು ಪಕ್ಷ! ಯಾವ ಕಡೆ ನಿಂತು ಗುಂಡು ಹಾರಿಸ್ತಿದ್ವಿ ಅಂತ ಮಾಡಿದವರಿಗೂ ಖಾತ್ರಿ ಇದ್ದ ಹಾಗಿಲ್ಲ.

30 ಜೀವ ಕೊಡುವ ಪ್ರಸಿದ್ಧ ಗುಟ್ಟಿನ ಕಥೆಯೂ ಹೀಗೇ. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ. ಕೊನಾಮಿಯ ಕಜುಹಿಸಾ ಹಶಿಮೊಟೊ 1986ರಲ್ಲಿ 'ಗ್ರಾಡಿಯಸ್' ಅನ್ನೋ ಆಟವನ್ನ ಮನೆ ಯಂತ್ರಕ್ಕೆ ತರುವಾಗ, ಅದು ತನಗೇ ಕಷ್ಟವಾಗ್ತದೆ ಅಂತ ಪರೀಕ್ಷೆಯ ಅನುಕೂಲಕ್ಕೆ ಇದನ್ನ ಬರೆದಿಟ್ಟ. ತೆಗೆಯದೆ ಹಾಗೇ ಉಳೀತು, ಕಾಂಟ್ರಾಕ್ಕೂ ಬಂತು. 2020ರ ಫೆಬ್ರುವರಿಯಲ್ಲಿ ಆತ ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ನಮ್ಮ ಕ್ಯಾಸೆಟ್ಟಿನಲ್ಲಿ ಗುಟ್ಟೇ ಬೇಕಿರಲಿಲ್ಲ. ಸಾವಿರಾರು ಆಟ ಅಂತ ಬರೆದ ಪಟ್ಟಿಯಲ್ಲಿ ನಿಜವಾಗಿ ಇದ್ದದ್ದು ಬೆರಳೆಣಿಕೆಯವು. ಅವನ್ನೇ ಬೇರೆ ಬೇರೆ ಹೆಸರಿನಿಂದ ತಿರುಗಾಮುರುಗಾ ಹಾಕಿರ್ತಿದ್ರು. ಅದರಲ್ಲೊಂದು ಸಾಲು ಒತ್ತಿದರೆ 30 ಜೀವ, ಇನ್ನೊಂದಕ್ಕೆ ಮೂರು. ನಕಲಿನವನು ಬೀಗ ಒಡೆದು ಬಾಗಿಲು ತೆರೆದೇ ಇಟ್ಟಿದ್ದ.

ನಕಲು ಅಂತ ಇಷ್ಟು ಸಲ ಬರೆದೆ, ಹಾಗಾಗಿ ಇದನ್ನೂ ಹೇಳಬೇಕು. ಕಾಂಟ್ರಾ ಪೆಟ್ಟಿಗೆಯ ಮೇಲಿನ ಚಿತ್ರದ ಸೈನಿಕ ನಿಂತಿರೋ ಭಂಗಿ 'ಪ್ರೆಡೇಟರ್' ಸಿನಿಮಾದ ಅರ್ನಾಲ್ಡ್ ಶ್ವಾರ್ಜನೆಗರ್‌ದು, ಕೊನೆಯ ಹಂತದ ರಾಕ್ಷಸ 'ಏಲಿಯನ್' ಸಿನಿಮಾದಿಂದ ಎದ್ದು ಬಂದ ಹಾಗಿದ್ದಾನೆ. ನಮ್ಮ ಅಥಣಿ, ನಿಪ್ಪಾಣಿ, ರಾಯಬಾಗ ಕಡೆ ಚರ್ಮಕಾರರು ತಲೆಮಾರುಗಳಿಂದ ಮಾಡಿದ ಚಪ್ಪಲಿ ಜಗತ್ತಿಗೆ ಗೊತ್ತಿರೋದು 'ಕೊಲ್ಹಾಪುರಿ' ಅಂತ. 2019ರಲ್ಲಿ ಜಿಐ ಮಾನ್ಯತೆ ಬಂದಾಗ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಪಾಲು ಸಿಕ್ಕಿತು, ಬೆಳಗಾವಿಯೂ ಸೇರಿ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅಂಥದೇ ಚಪ್ಪಲಿ ತೊಡಿಸಿ ಹುಡುಗರನ್ನ ನಡೆಸಿತು, ಗದ್ದಲ ಆದ ಮೇಲೆ ಮೂಲ ಭಾರತದ್ದು ಅಂತ ಒಪ್ಪಿತು. ಆಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಸಿಟ್ಟು. ನನಗೂ ಬಂತು, ಬರಲೇಬೇಕು, ಅದು ಬಡವರ ಹೊಟ್ಟೆಯ ಪ್ರಶ್ನೆ. ಆದರೆ ಅದೇ ಗುಂಪಿನಲ್ಲಿದ್ದ ನಾವೆಲ್ಲ ಕೊನಾಮಿಗೆ ಒಂದು ಪೈಸೆ ಕೊಡದೆ ಬಾಲ್ಯ ಕಳೆದವರು. ಎರಡೂ ಒಂದೇ ಅಲ್ಲ ಅಂತ ನನ್ನ ವಾದ. ದೊಡ್ಡವನು ಸಣ್ಣವನ ಹೆಸರು ಅಳಿಸೋದಕ್ಕೂ, ಅಂಗಡಿಯೇ ಇಲ್ಲದ ಊರಿನವನು ಸಿಕ್ಕಿದ್ದನ್ನ ಆಡೋದಕ್ಕೂ ಫರಕ್ ಇದೆ. ಒಪ್ಪದವರು ಇರಬಹುದು.

ಗಲುಗಾ ಹೇಗಿದೆ ಅಂತ ಇನ್ನೂ ಹೇಳಲಿಲ್ಲ. ಗಾಳಿಯಲ್ಲಿ ಎರಡನೇ ಸಲ ನೆಗೆಯಬಹುದು, ಸರ್ರನೆ ನುಗ್ಗಬಹುದು, ಕೈಲಿರೋ ಬಂದೂಕನ್ನೇ ಬಲಿ ಕೊಟ್ಟು ಒಂದು ದೊಡ್ಡ ಹೊಡೆತ ಹೊಡೆಯಬಹುದು. ಒಂದೇ ಗುಂಡಿಗೆ ಸಾಯುವ ಹಳೆ ನಿಯಮ ಬೇಕಾದವರಿಗೆ ಅದೂ ಇದೆ, ಬೇಡದವರಿಗೆ ಆರೋಗ್ಯದ ಪಟ್ಟಿ. ಕಥೆಯ ಆಟಕ್ಕೆ ಇಬ್ಬರು, ಆರ್ಕೇಡ್ ಆಟಕ್ಕೆ ನಾಲ್ವರ ತನಕ ಕೂಡಬಹುದು. ಪಾತ್ರಗಳು ಮಾತ್ರ ಬಹಳ ಮಾತಾಡ್ತಾವೆ, ನಮ್ಮ ಬಿಲ್ ಮತ್ತು ಲ್ಯಾನ್ಸ್ ಒಂದು ಮಾತೂ ಆಡದೆ ಎಂಟು ಹಂತ ಮುಗಿಸಿದವರು. ಒಳ್ಳೆ ಕೆಲಸ, ಮಾಡಿದವರಿಗೆ ಹಳೆ ಆಟದ ಮೇಲೆ ಪ್ರೀತಿ ಇದೆ ಅಂತ ಪ್ರತಿ ಪರದೆಯಲ್ಲೂ ಗೊತ್ತಾಗ್ತದೆ. ಅವರ ಪ್ರೀತಿ 60ರ ತಾಳದ್ದು, ಅಷ್ಟೇ.

ಹೋದ ದೀಪಾವಳಿಗೆ ಊರಿಗೆ ಹೋದಾಗ ನಿಪ್ಪಾಣಿಯ ಆ ಮನೆಗೂ ಹೋಗಿದ್ದೆ. ಮುಂದಿನ ಕೋಣೆ ಈಗ ಮೊಬೈಲ್ ರೀಚಾರ್ಜ್ ಅಂಗಡಿ. ಅಕ್ಕನ ಕಣ್ಣು ಮಂದವಾಗಿವೆ, ಬೀಡಿ ಬಿಟ್ಟು ಬಹಳ ವರ್ಷ ಆಯ್ತಂತೆ. ಸ್ವಿಚ್ಚಿನಲ್ಲಿ ಹಳೆ ಕಾಂಟ್ರಾ ಹಾಕಿ ಸದ್ದು ಜೋರು ಮಾಡಿದೆ. ಒಂದು ನಿಮಿಷ ಕೇಳಿ, "ಇದ್ಯಾಕ ಇಷ್ಟ ಅವಸರದಾಗ ಓಡಾಕತ್ತೈತಿ?" ಅಂದ್ಲು. ಆರನೇ ಒಂದು ಪಾಲು. ನಾನು ಅದನ್ನ ತಿಳಿಯೋಕೆ ಚಿಪ್ಪಿನ ದಾಖಲೆ ಓದಬೇಕಾಯ್ತು. ಲ್ಯಾಪ್‌ಟಾಪಿನ ಎಮ್ಯುಲೇಟರನ್ನ ಡೆಂಡಿ ಪದ್ಧತಿಗೆ, 50ಕ್ಕೆ ಬದಲಾಯಿಸಿ ಹಾಕಿದೆ. "ಹ್ಞಾಂ" ಅಂದ್ಲು, ಚಹಾಕ್ಕೆ ಇಡೋಕೆ ಎದ್ಲು. ಕಂಟ್ರೋಲರ್ ಕೈಗೆ ಕೊಟ್ಟೆ, "ನನಗ್ಯಾಕೋ ಅದು" ಅಂತ ವಾಪಸ್ ಕೊಟ್ಲು. ಒಳಗಿಂದಲೇ ನೀರಿನ ಹಂತದ ಕಲ್ಲು ಎಲ್ಲಿ ಬೀಳ್ತಾವಂತ ಹೇಳಿದ್ಲು, ಎರಡು ಕಲ್ಲು ಸರಿಯಾಗಿ.

ಈಗ ಜಾತ್ರೆಗಳಲ್ಲಿ 400 ಆಟದ ಕೈಯಂತ್ರ ಸಿಗ್ತದೆ. ಅಂಗೈಯಷ್ಟು ದೊಡ್ಡದು, ಬೆಲೆ ಕೆಲವು ನೂರು ರೂಪಾಯಿ. ಅದರ ಪಟ್ಟಿಯಲ್ಲೂ ಕಾಂಟ್ರಾ ಇದೆ, ಕೊನಾಮಿ ಹೆಸರು ಅದರಲ್ಲೂ ಇಲ್ಲ. ಆ ಸಾಲು ಇನ್ನೂ ನಿಂತಿಲ್ಲ ಅಂತಾಯ್ತು.

ನನ್ನ ಹತ್ತಿರ ಆ ಮನೆಯಿಂದ ತಂದ ಒಂದು ಹಳದಿ ಕ್ಯಾಸೆಟ್ ಇದೆ. ಬಿಚ್ಚಿ ನೋಡಿದೆ. ಚಿಪ್ಪಿನ ಜಾಗದಲ್ಲಿ ಕರಿ ಅಂಟಿನ ಒಂದು ಉಂಡೆ, ಹೆಸರಿಲ್ಲ, ಇಸವಿ ಇಲ್ಲ. ಲೇಬಲ್ಲಿನ ಮೂಲೆಯಲ್ಲಿ ಬಾಲ್ ಪೆನ್ನಿನಿಂದ ಬರೆದ ಬೆಲೆ, ಅದರ ಕೆಳಗೆ ಮರಾಠಿಯಲ್ಲಿ ಅರ್ಧ ಅಳಿಸಿದ ಅಂಗಡಿಯ ಹೆಸರು. ಒಳಗಿನ ಪ್ರೋಗ್ರಾಮನ್ನ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸ್ತಾ ಇದೀನಿ. ನಿಮ್ಮ ಮನೆಯ ಅಟ್ಟದ ಮೇಲೆ, ಅಥಣಿಯಲ್ಲೋ ಕಾಗವಾಡದಲ್ಲೋ, ಇಂಥವು ಬಿದ್ದಿದ್ರೆ ಗುಜರಿಗೆ ಹಾಕಬ್ಯಾಡ್ರಿ. ಒರೆಸೋದಿದ್ರೆ ಒಣ ಬಟ್ಟೆಯಿಂದ ಒರೆಸ್ರಿ, ಬಾಯಿಂದ ಊದಬ್ಯಾಡ್ರಿ, ತೇವಕ್ಕೆ ತಾಮ್ರ ಹಾಳಾಗ್ತದೆ. ಲೇಬಲ್ ಮೇಲಿನ ಪೆನ್ನಿನ ಬರಹ ಮಾತ್ರ ಮುಟ್ಟಬ್ಯಾಡ್ರಿ.